ಅತ್ತೆಯ ಮಣಿಕಟ್ಟು, ಚಂದ್ರಿಯ ಕೆಚ್ಚಲು

ನಮ್ಮತ್ತೆ ಮುನಿಕೆಂಪಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದದ್ದು ಬೆಳಿಗ್ಗೆ ಆರೂವರೆಗೆ, ಮನೆಯವರಿಗೆ ಗೊತ್ತಾದದ್ದು ಒಂಬತ್ತಕ್ಕೆ. ಅಷ್ಟರೊಳಗೆ ಅವರು ಎಡಗೈಯಲ್ಲೇ ಸಗಣಿ ಬಾಚಿ, ಹಸು ಚಂದ್ರಿಗೆ ಬೂಸಾ ಕಲೆಸಿಟ್ಟು, ಕಾಫಿ ಕುಡಿದು, ಟೀವಿಯಲ್ಲಿ ದಿನಭವಿಷ್ಯವನ್ನೂ ಕೇಳಿ ಮುಗಿಸಿದ್ದರು. ನಾನು ಇಡ್ಲಿ ತಟ್ಟೆ ಕೊಟ್ಟಾಗ ಎಡಗೈ ಚಾಚಿದರು. ಎಡಗೈಯಲ್ಲಿ ಯಾರಾದರೂ ತಟ್ಟೆ ಹಿಡಿದರೆ ಅವರ ಏಳು ತಲೆಮಾರನ್ನು ಬೈಯುವ ಹೆಂಗಸು ಇವರು. ನನಗೆ ಅನುಮಾನ ಬಂತು.

“ಏನತ್ತೆ ಬಲಗೈಗೆ?”

“ಏನಿಲ್ಲ ಕಣೇ, ಒಸಿ ಉಳುಕೈತೆ.”

ಸೆರಗು ಸರಿಸಿ ನೋಡಿದೆ. ಮಣಿಕಟ್ಟಿನ ಹತ್ತಿರ ಕೈ ಸೊಟ್ಟಗೆ ಬಾಗಿ, ಅಂಗೈ ಒಂದು ದಿಕ್ಕಿಗೆ, ಮುಂಗೈ ಇನ್ನೊಂದು ದಿಕ್ಕಿಗೆ ಹೊರಟಿತ್ತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆಯನ್ನು ಯಾರೋ ಗಂಡಸರ ಮೇಲೆ ಕಟ್ಟಿದ್ದಾರೆ. ಕಟ್ಟಿದವರು ನಮ್ಮತ್ತೆಯನ್ನು ನೋಡಿರಲಿಲ್ಲ, ಅಷ್ಟೇ.

ನಾನು ಕಲಾವತಿ, ಈ ಮನೆಯ ಸೊಸೆ. ಯಶವಂತಪುರದಲ್ಲಿ ಹುಟ್ಟಿ ಬೆಳೆದು, ಹಾಲೆಂದರೆ ಪ್ಯಾಕೆಟ್ಟು ಎಂದೇ ತಿಳಿದಿದ್ದವಳು. ಯಲಹಂಕದಿಂದ ಹೆಸರಘಟ್ಟಕ್ಕೆ ಹೋಗುವ ದಾರಿಯಲ್ಲಿರುವ ಈ ಊರಿಗೆ ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷವಾಯಿತು. ಬಂದ ಮೊದಲನೇ ವಾರವೇ ಅತ್ತೆಯ ಮುಂದೆ ನಿಂತು, ಅಡುಗೆ ಮಾಡುತ್ತೇನೆ, ಬ್ಲೌಸ್ ಹೊಲಿದು ಸಂಪಾದಿಸುತ್ತೇನೆ, ಕೊಟ್ಟಿಗೆಗೆ ಮಾತ್ರ ಕಾಲಿಡುವುದಿಲ್ಲ, ಸಗಣಿ ವಾಸನೆಗೆ ವಾಂತಿ ಬರುತ್ತದೆ ಎಂದು ಹೇಳಿಬಿಟ್ಟಿದ್ದೆ. ಅತ್ತೆ ಜಗಳವಾಡಲಿಲ್ಲ. “ಆಲು ಕುಡಿಯೋಕೆ ವಾಂತಿ ಬರಾಕಿಲ್ವಾ?” ಅಂದರು. ಅತ್ತೆಯ ಮಾತಿನಲ್ಲಿ ‘ಹ’ ಬರುವುದು ಅವರಿಗೆ ಮನಸ್ಸು ಬಂದಾಗ ಮಾತ್ರ. ಅವತ್ತಿನಿಂದ ಕೊಟ್ಟಿಗೆ ಅವರದು, ಹೊಲಿಗೆ ಮಿಷನ್ನು ನನ್ನದು.

ಅತ್ತೆಗೆ ಈಗ ಅರವತ್ತೆರಡು. ರಾಜಾನುಕುಂಟೆಯ ತವರಿನಿಂದ ಹದಿನೇಳನೇ ವಯಸ್ಸಿಗೆ ಬಂದಾಗ ಬಳುವಳಿಯಾಗಿ ಒಂದು ನಾಟಿ ಕಡಸು ಹೊಡೆದುಕೊಂಡು ಬಂದಿದ್ದರಂತೆ. ಅದರ ಮಗಳು, ಆ ಮಗಳ ಮಗಳು ಎಂದು ಇಳಿದು, ನಡುವೆ ಸೀಮೆ ಹಸುವಿನ ರಕ್ತ ಸೇರಿ, ಈಗ ಇರುವುದು ಚಂದ್ರಿ. ಕಪ್ಪು ಮೈ, ಹಣೆಯಲ್ಲಿ ಬಿಳಿ ಚುಕ್ಕೆ, ಮೂಗಿನ ತುದಿಯಲ್ಲೇ ಕೋಪ. ಹೊಲಗಳೆಲ್ಲ ಲೇಔಟ್ ಆದವು, ಮಾವ ತೀರಿಕೊಂಡರು, ಸುತ್ತ ಅಪಾರ್ಟ್‌ಮೆಂಟು ಎದ್ದವು. ಅತ್ತೆ ಮಾತ್ರ ದಿನಕ್ಕೆರಡು ಹೊತ್ತು ಹಾಲು ಕರೆದು ಡೇರಿಗೆ ಹಾಕುವುದನ್ನು ಬಿಟ್ಟಿಲ್ಲ. ಊರಿನಲ್ಲಿ ಇನ್ನೂ ಹಸು ಕಟ್ಟಿರುವ ಹತ್ತು ಮನೆಯವರಿಗೆ ಇವರೇ ಕೆಚ್ಚಲು ಡಾಕ್ಟರು. ಕೆಚ್ಚಲಿನ ಮೇಲೆ ಅಂಗೈ ಇಟ್ಟರೆ ಸಾಕು, ಯಾವ ಮೊಲೆಗೆ ಬಾವು ಬರಲಿದೆ ಎಂದು ಎರಡು ದಿನ ಮುಂಚೆಯೇ ಹೇಳುತ್ತಾರೆ. ಆ ಅಂಗೈಯೇ ಈಗ ಸೊಟ್ಟಗಾಗಿತ್ತು.

ಯಲಹಂಕದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂಳೆ ಡಾಕ್ಟರ ಹೆಸರು ಅಮ್ರೀನ್, ಮೂವತ್ತೈದರ ಒಳಗಿನ ಹುಡುಗಿ. ಇಂಜೆಕ್ಷನ್ ಕೊಟ್ಟು, ಕೈ ಎಳೆದು ಮೂಳೆ ಕೂರಿಸಿ, ಒಂದೇ ಬದಿಗೆ ಅರ್ಧ ಪ್ಲಾಸ್ಟರ್ ಇಟ್ಟು ಬಟ್ಟೆ ಸುತ್ತಿದರು. ಪೂರ್ತಿ ಯಾಕೆ ಹಾಕಲಿಲ್ಲ ಎಂದು ಅತ್ತೆ ಕೇಳಿದರು. “ಈ ವಾರ ಊತ ಬರುತ್ತೆ ಅಮ್ಮ, ಅದಕ್ಕೆ ಜಾಗ ಬೇಕು. ಕೈ ಎತ್ತರಕ್ಕೆ ಇಟ್ಕೊಳ್ಳಿ, ಬೆರಳು ಆಡಿಸ್ತಾ ಇರಿ, ಬಿಚ್ಚಬೇಡಿ. ಎಂಟನೇ ದಿನಕ್ಕೆ ಬನ್ನಿ. ಎಲ್ಲಾ ಸರಿ ಇದ್ರೆ ಇವತ್ತಿಂದ ಆರು ವಾರ,” ಅಂದರು ಡಾಕ್ಟರು.

ಆರು ವಾರ ಅಂದದ್ದೇ ಅತ್ತೆ ಬೆರಳು ಮಡಚಿ ಎಣಿಸಿದರು. ಚಂದ್ರಿ ಆಗ ತುಂಬು ಗಬ್ಬ. ಹಾಲು ಬತ್ತಿಸಿದ್ದರು, ಹಾಗಾಗಿ ಕರೆಯುವ ಕೆಲಸವಿರಲಿಲ್ಲ. ಅವಳು ಕರು ಹಾಕಲು ಉಳಿದಿದ್ದದ್ದೂ ಸರಿಯಾಗಿ ಆರು ವಾರ.

ದಾರಿಯಲ್ಲಿ ಕಾರಿನಲ್ಲೇ ನನ್ನ ಗಂಡ ಮುನಿರತ್ನ ಮಾತು ತೆಗೆದರು. “ಅಮ್ಮ, ಸಾಕು ಕಣಮ್ಮ. ಚಂದ್ರಿ ಬೇರೆಯವರ ಕೈಗೆ ಹಾಲು ಕೊಡಲ್ಲ. ಕರೆಯೋ ಮಿಷನ್ ತಂದಿದ್ದಕ್ಕೆ ಒದ್ದು ಅದರ ಪೈಪ್ ಕಿತ್ತಾಕಿದ್ಲು. ಚಿಕ್ಕಜಾಲದ ವೀರಬಸಪ್ಪ ಕೇಳ್ತಾನೇ ಇದ್ದಾರೆ, ಒಳ್ಳೆ ಮನೆ. ಕರೆಯೋ ಕೈ ಇಲ್ದಿದ್ಮೇಲೆ ಹಸು ಯಾಕೆ?”

“ಕೈ ಕೂಡಿದ್ರೆ?” ಅತ್ತೆ ಕೇಳಿದರು.

“ಪ್ಲಾಸ್ಟರ್ ಬಿಚ್ಚಿದ ದಿನ ನೀನು ಕೂತು ಕರೆದ್ರೆ ಚಂದ್ರಿ ಇರ್ಲಿ. ಇಲ್ದಿದ್ರೆ ವೀರಬಸಪ್ಪನ ಮನೆಗೆ.”

“ಆಯ್ತು, ಮಾತು ಮಾತೇ,” ಅಂದರು ಅತ್ತೆ.

ಮುಚ್ಚುಮರೆ ಯಾಕೆ, ನನಗೆ ಒಳಗೊಳಗೇ ಖುಷಿಯಾಯಿತು. ಕೊಟ್ಟಿಗೆ ಇದ್ದ ಕಡೆ ಕಾರು ನಿಲ್ಲುತ್ತದೆ, ನೊಣ ಹೋಗುತ್ತದೆ, ನೆಂಟರು ಬಂದಾಗ ಮೂಗು ಮುಚ್ಚಿಕೊಳ್ಳುವುದು ತಪ್ಪುತ್ತದೆ ಎಂದು ಕಾರಿನಲ್ಲಿ ಕೂತೇ ಲೆಕ್ಕ ಹಾಕಿದ್ದೆ.

ಮೂರನೇ ದಿನ ಊತ ಬಂತು. ಬೆರಳುಗಳು ಚುರುಮುರಿ ಗಾಡಿಯ ಬದನೆಕಾಯಿ ಬಜ್ಜಿಯ ಹಾಗೆ ಉಬ್ಬಿದವು. ಅತ್ತೆ ಎಡ ಅಂಗೈಯನ್ನು ಬಲ ಮಣಿಕಟ್ಟಿನ ಮೇಲಿಟ್ಟು, ಕಣ್ಣು ಮುಚ್ಚಿ, ಬೇರೆಯವರ ಹಸುವಿಗೆ ಮಾಡುವ ಹಾಗೆಯೇ ಪರೀಕ್ಷೆ ಮಾಡಿದರು.

“ಬಿಸಿ ಐತೆ. ಕೆಂಪಗೈತೆ. ಗಟ್ಟಿ ಆಗೈತೆ. ಮುಟ್ಟಿದ್ರೆ ಪ್ರಾಣ ಓಯ್ತದೆ,” ಅಂದರು. “ಕಲಾ, ಲೋಳೆಸರ ಕಿತ್ಕೊಂಬಾ.”

ಕೆಚ್ಚಲು ಬಾವಿಗೆ ನಮ್ಮ ಕಡೆ ಒಂದು ಮದ್ದಿದೆ. ಲೋಳೆಸರ, ಅರಿಶಿನ, ಸುಣ್ಣ ಮೂರನ್ನೂ ರುಬ್ಬಿ ಕೆಚ್ಚಲಿಗೆ ದಿನಕ್ಕೆ ಎಂಟು ಹತ್ತು ಸಲ ಹಚ್ಚುವುದು, ಕೆಟ್ಟ ಹಾಲನ್ನು ಹಿಂಡಿ ಹಿಂಡಿ ಹೊರಗೆ ಹಾಕುವುದು. ತಡಮಾಡಿದರೆ ಮೊಲೆಯೇ ಸತ್ತುಹೋಗುತ್ತದೆ. ನಲವತ್ತೈದು ವರ್ಷ ಬಾವಿನ ಜೊತೆ ಗುದ್ದಾಡಿದವರು ಅತ್ತೆ. ಬಾವು ಕಂಡರೆ ಸುಮ್ಮನಿರುವುದು ಅವರ ಜಾಯಮಾನದಲ್ಲೇ ಇಲ್ಲ. ಡಾಕ್ಟರು ಬಿಚ್ಚಬೇಡಿ ಅಂದಿದ್ದಾರಲ್ಲ ಎಂದು ನಾನು ನೆನಪಿಸಿದೆ. “ಆ ಮಗೀಗೇನು ಗೊತ್ತು, ಎಷ್ಟು ಬಾವು ನೋಡೈತೆ ಅದು?” ಅಂದರು. ನಾನೂ ಮಿಕ್ಸಿಗೆ ಹಾಕಿ ರುಬ್ಬಿಕೊಟ್ಟೆ. ಅತ್ತೆ ಬಟ್ಟೆ ಸಡಿಲಿಸಿ, ಅರ್ಧ ಪ್ಲಾಸ್ಟರ್ ಪಕ್ಕಕ್ಕಿಟ್ಟು, ಹಳದಿ ಲೇಪ ಬಳಿದು, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಹಲ್ಲು ಕಚ್ಚಿಕೊಂಡು ಹಿಂಡಿದರು. ಹಾಲು ಕರೆದ ಹಾಗೇ. ದಿನಕ್ಕೆ ಎಂಟು ಸಲ, ಐದು ದಿನ.

ಎಂಟನೇ ದಿನ ಡಾಕ್ಟರ್ ಅಮ್ರೀನ್ ಬಟ್ಟೆ ಬಿಚ್ಚಿ ಹೌಹಾರಿದರು.

“ಇದೇನಮ್ಮ ಹಳದಿ?”

“ಲೋಳೆಸರ, ಅರಿಸಿನ, ಸುಣ್ಣ. ಒಸಿ ಇಳಿದೈತೆ ನೋಡಿ,” ಅತ್ತೆ ಹೆಮ್ಮೆಯಿಂದ ಹೇಳಿದರು.

“ಯಾರು ಹೇಳಿದ್ದು ನಿಮಗೆ?”

“ಯಾರೇಳ್ಬೇಕು? ಕೆಚ್ಚಲು ಬಾವಿಗೆ ಇದೇ ಅಲ್ವಾ?”

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡುತ್ತಾ ಎಲ್ಲ ಹೇಳಿದೆ. ಎಕ್ಸ್‌ರೇ ತೆಗೆಸಿದರು. ಕೂರಿಸಿದ್ದ ಮೂಳೆ ಜರುಗಿತ್ತು. ಬೈಗುಳಕ್ಕೆ ನಾನು ಕಿವಿ ಸಿದ್ಧಮಾಡಿಕೊಂಡೆ, ಆದರೆ ಡಾಕ್ಟರು ಕುರ್ಚಿ ಎಳೆದುಕೊಂಡು ಅತ್ತೆಯ ಎದುರು ಕೂತರು.

“ಅಮ್ಮ, ಹಸುಗೆ ಬಾವು ಬರೋದು ಕ್ರಿಮಿಯಿಂದ. ಒಳಗೆ ಕೆಟ್ಟ ಹಾಲಿರುತ್ತೆ, ತೆಗೀಲೇಬೇಕು. ನಿಮ್ಮ ಕೈಯೊಳಗೆ ಕೆಟ್ಟದ್ದೇನೂ ಇರ್ಲಿಲ್ಲ. ಮೂಳೆ ಮುರಿದಾಗ ರಕ್ತ ಸುರಿದು ಅಲ್ಲೇ ಹೆಪ್ಪುಗಟ್ಟುತ್ತೆ. ಇಲ್ಲಿ ಮುರಿದಿದೆ ಅಂತ ಮೈಗೆಲ್ಲ ಸುದ್ದಿ ಹೋಗೋದು ಅಲ್ಲಿಂದಾನೇ. ರಕ್ತನಾಳ ಹಿಗ್ಗುತ್ತೆ, ಜಾಸ್ತಿ ರಕ್ತ ಬರುತ್ತೆ, ಅದಕ್ಕೇ ಬಿಸಿ, ಅದಕ್ಕೇ ಕೆಂಪು. ಅದರ ಜೊತೆ ಬಂದ ಕಣಗಳು ಮೊದಲು ಪುಡಿಯಾಗಿರೋದನ್ನ, ಸತ್ತಿರೋದನ್ನ ಗುಡಿಸಿ ಹಾಕ್ತವೆ. ಆಮೇಲೆ ಕಟ್ಟೋ ಕಣಗಳನ್ನ ಕರೆಸ್ತವೆ. ಅವು ಮೊದಲು ನಮ್ಮ ಕಿವಿ ಇದೆಯಲ್ಲ, ಹಂಗೆ ಮೆತ್ತಗಿರೋದನ್ನ ಕಟ್ಟಿ, ಎರಡು ತುಂಡನ್ನೂ ಹಿಡಿದು ನಿಲ್ಲಿಸ್ತವೆ. ಅದಕ್ಕೆ ಸುಣ್ಣದಂಶ ತುಂಬಿ ತುಂಬಿ ಮೂಳೆ ಆಗುತ್ತೆ. ಮೊದಲಿನ ಆ ಊತ ಇಲ್ದೆ ಮುಂದಿನ ಕೆಲಸ ಶುರುನೇ ಆಗಲ್ಲ.”

ಅತ್ತೆ ಎಡ ಅಂಗೈಯನ್ನು ಮತ್ತೆ ಬಲ ಮಣಿಕಟ್ಟಿನ ಮೇಲಿಟ್ಟು ನೋಡಿದರು.

“ಅಂಗಾದ್ರೆ ಇದು ಬಾವಲ್ಲ,” ಅಂದರು. “ಕರು ಹಾಕೋಕ್ ಮುಂಚೆ ಕೆಚ್ಚಲು ಬಾತ್ಕೊಂತದಲ್ಲ, ಅದು. ಆವಾಗ್ಲೂ ಬಿಸಿ ಇರ್ತದೆ, ಬಿಗಿ ಇರ್ತದೆ, ಮುಟ್ಟಿದ್ರೆ ಒದೀತದೆ. ಒಳಗೆ ಕೆಲಸ ನಡೀತೈತೆ ಅಂತ ನಾವು ಸುಮ್ಕಿರ್ತೀವಿ. ಯಾರಾನ ಅದನ್ನ ಹಿಂಡ್ತಾರಾ? ಥೂ, ನನ್ ಬುದ್ಧಿಗಿಷ್ಟು.”

ಡಾಕ್ಟರು ನಕ್ಕುಬಿಟ್ಟರು. “ನಾನು ಇಷ್ಟುದ್ದ ಹೇಳಿದ್ದನ್ನ ನೀವು ಎರಡು ಮಾತಲ್ಲಿ ಹೇಳಿದ್ರಿ.”

“ಅಸುಗೆ ಬಾವು ಇಳಿಯೋ ಸೂಜಿ ಕೊಡ್ತಾರಲ್ಲ, ಅದನ್ನ ಕೇಳೋಣ ಅಂತ ಬಂದಿದ್ದೆ. ಬ್ಯಾಡ ಬಿಡಿ.”

“ಬೇಡ. ನೋವಿಗೆ ನಾನು ಬರೆದಿರೋ ಮಾತ್ರೆ ಸಾಕು. ಊತ ಇಳಿಸೋ ಮಾತ್ರೆನ ವಾರಗಟ್ಟಲೆ ನುಂಗಿದ್ರೆ ಮೂಳೆ ಕೂಡೋದು ತಡ ಆಗಬಹುದು. ಅದರ ಬಗ್ಗೆ ನಮ್ಮಲ್ಲೇ ಇನ್ನೂ ವಾದ ನಡೀತಿದೆ, ಆದ್ರೂ ನಿಮ್ಮ ವಯಸ್ಸಿಗೆ ಹೊಟ್ಟೆಗೂ ಕಿಡ್ನಿಗೂ ಅದು ಒಳ್ಳೇದಲ್ಲ. ಮತ್ತೆ ಎಲ್ಲ ಊತನೂ ಒಳ್ಳೇದು ಅಂದ್ಕೋಬೇಡಿ. ಬೆರಳು ನೀಲಿಯಾದ್ರೆ, ಜೋಮು ಹಿಡಿದ್ರೆ, ತಡೆಯೋಕಾಗದಷ್ಟು ನೋವಾದ್ರೆ ಕೂಡಲೇ ಓಡಿ ಬರ್ಬೇಕು.”

ಮತ್ತೆ ಇಂಜೆಕ್ಷನ್, ಮತ್ತೆ ಎಳೆತ, ಮತ್ತೆ ಪ್ಲಾಸ್ಟರು. ಲೆಕ್ಕ ಮತ್ತೆ ಮೊದಲನೇ ದಿನದಿಂದ ಶುರು. ಪ್ಲಾಸ್ಟರ್ ಬಿಚ್ಚುವ ಎಂಟು ದಿನ ಮೊದಲೇ ಚಂದ್ರಿ ಕರು ಹಾಕುತ್ತಾಳೆ, ಅಷ್ಟು ದಿನ ಅವಳನ್ನು ಕರೆಯಲು ಕೈಯೇ ಇಲ್ಲ. ಆ ಎಂಟು ದಿನವನ್ನು ನುಂಗಿದ್ದು ನಾನು ರುಬ್ಬಿಕೊಟ್ಟ ಲೇಪ.

ಸಂಜೆ ಕಾಫಿಗೆ ಹುಡುಕಿದರೆ ಅತ್ತೆ ಕೊಟ್ಟಿಗೆಯಲ್ಲಿದ್ದರು. ಚಂದ್ರಿಯ ಕುತ್ತಿಗೆಗೆ ಮುಖ ಒತ್ತಿಕೊಂಡು ಅಳುತ್ತಿದ್ದರು. ಮಾವ ಹೋದಾಗ ಅತ್ತದ್ದು ಬಿಟ್ಟರೆ ನಾನು ನೋಡಿದ್ದು ಅದೇ ಮೊದಲು.

“ನನ್ ಕೈ ಸೊಟ್ಟಗೇ ಕೂಡ್ಲಿ ಕಣೇ, ಚಿಂತಿಲ್ಲ. ಇವಳು ಓಗ್ಬಾರ್ದು. ನಮ್ಮವ್ವ ಕೊಟ್ಟಿದ್ರಲ್ಲಿ ಉಳಿದಿರೋದು ಇವಳೊಬ್ಳೇ.”

ಕಾರಿನಲ್ಲಿ ಖುಷಿಪಟ್ಟದ್ದು ನೆನಪಾಗಿ ನನಗೆ ನಾಚಿಕೆಯಾಯಿತು. ಸೆರಗು ಮೂಗಿಗೆ ಕಟ್ಟಿಕೊಂಡು ಒಳಗೆ ಕಾಲಿಟ್ಟೆ.

“ಅತ್ತೆ, ಕರೆಯೋದು ಕಲಿಸಿ.”

ಅವರು ಕಣ್ಣೊರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಮೂಗಿಗೆ ಕಟ್ಟಿರೋದನ್ನ ಬಿಚ್ಚು ಮೊದ್ಲು. ಚಂದ್ರಿಗೆ ಅವಮಾನ ಆಯ್ತದೆ.”

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಆ ಐದು ವಾರ ಪೂರ್ತಿ ಅತ್ತೆಯದೇ ಕಾಲ. ಪ್ಲಾಸ್ಟರಿನ ಕೈಯನ್ನು ಕೊರಳಿಗೆ ನೇತುಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸಗಣಿ ಹೇಗೆ ಬಾಚಬೇಕು, ಹುಲ್ಲು ಎಷ್ಟು ಹಾಕಬೇಕು ಎಂದು ದರ್ಬಾರು ನಡೆಸಿದರು. ವಾಂತಿ ಎರಡನೇ ದಿನಕ್ಕೇ ನಿಂತುಹೋಯಿತು. ನನ್ನ ಹತ್ತೊಂಬತ್ತು ವರ್ಷದ ಬಿಂಕಕ್ಕೆ ಇದ್ದ ಆಯುಸ್ಸು ಅಷ್ಟೇ.

ಬತ್ತಿದ ಹಸುವಿನ ಮೇಲೆ ಅಭ್ಯಾಸ ಮಾಡುವಂತಿಲ್ಲ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸಿಗೆ ನೀರು ತುಂಬಿ, ಬೆರಳ ತುದಿಗೆ ಸೂಜಿಯಿಂದ ಚುಚ್ಚಿ, ಜಗಲಿಯ ಕಂಬಿಗೆ ಕಟ್ಟಿದೆ. ಡಾಕ್ಟರು ಬೆರಳು ಆಡಿಸುತ್ತಿರಿ, ಇಲ್ಲವಾದರೆ ಸೆಟೆದುಕೊಳ್ಳುತ್ತವೆ ಅಂದಿದ್ದರಲ್ಲ, ಅತ್ತೆ ಪ್ಲಾಸ್ಟರಿನಿಂದ ಹೊರಗಿದ್ದ ಬೆರಳಿನಲ್ಲಿ ಗಾಳಿಯನ್ನೇ ಕರೆದು ತೋರಿಸುತ್ತಿದ್ದರು. ಮೇಲೆ ಬಿಗಿಹಿಡಿ, ಆಮೇಲೆ ಒಂದೊಂದೇ ಬೆರಳು ಕೆಳಕ್ಕೆ ಮುಚ್ಚಿಕೊಂಡು ಬಾ, ಎಳೀಬೇಡ, ಅದೇನು ದೇವಸ್ಥಾನದ ಗಂಟೆಯಲ್ಲ. ಸಂಜೆ ಐದಕ್ಕೆ ಒಬ್ಬಳು ಗ್ಲೌಸು, ಇನ್ನೊಬ್ಬಳು ಗಾಳಿ ಕರೆಯುತ್ತಾ ಕೂತರೆ ಎದುರು ಅಪಾರ್ಟ್‌ಮೆಂಟಿನವರು ಬಾಲ್ಕನಿಗೆ ಬಂದು ನೋಡುತ್ತಿದ್ದರು. ಅತ್ತೆ ಅವರ ಕಡೆಗೂ ಎರಡು ಸಲ ಕರೆದು ತೋರಿಸಿದರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಚಂದ್ರಿಯ ಕೆಚ್ಚಲು ದಿನೇ ದಿನೇ ಬಾತುಕೊಂಡಿತು. ಮಾರ್ಚ್ ಮೂರನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಹೆಣ್ಣುಗರು ಹಾಕಿದಳು. ತಾಯಿಯ ಹಾಗೆಯೇ ಕಪ್ಪು, ಹಣೆಯಲ್ಲಿ ಮಾತ್ರ ಚುಕ್ಕೆ ಇಲ್ಲ. ಗಿಣ್ಣು ಹಾಲನ್ನು ಕರೆಯಲೇಬೇಕು. ನಾನು ಬಕೆಟ್ ಹಿಡಿದು ಕೂತೆ. ಚಂದ್ರಿ ತಿರುಗಿ ನನ್ನನ್ನು ಒಂದು ಸಲ ನೋಡಿ, ಬಕೆಟ್ಟನ್ನು ಒದ್ದು ಗೋಡೆಗೆ ಹಾಕಿದಳು. ಎರಡನೇ ಸಲ ನನ್ನನ್ನೇ ಒದ್ದಳು.

“ತಾಳು,” ಎಂದು ಅತ್ತೆ ಒಳಗೆ ಹೋಗಿ, ತಾವು ಕೊಟ್ಟಿಗೆಗೆ ಉಡುವ, ಎರಡು ದಿನ ಉಟ್ಟು ಒಗೆಯದ ಹಳೇ ಸೀರೆ ತಂದುಕೊಟ್ಟರು. ಉಟ್ಟುಕೊಂಡು ಬಂದೆ. ಅತ್ತೆ ಚಂದ್ರಿಯ ತಲೆಯ ಹತ್ತಿರ ನಿಂತು, ಕರುವನ್ನು ಮುಂದೆ ಬಿಟ್ಟು, “ನಾನೇ ಕಣವ್ವ, ನಾನೇ” ಎಂದು ಅವಳ ಕಿವಿಯಲ್ಲಿ ಹಸೀ ಸುಳ್ಳು ಹೇಳಿದರು. ಹಾಲು ಇಳಿಯಿತು. ಹಳದಿ, ದಪ್ಪ, ಬಿಸಿ ಹಾಲು ನನ್ನ ಮುಷ್ಟಿಯಿಂದ ಬಕೆಟ್ಟಿಗೆ ಸುರಿಯುವ ಸದ್ದು ಕೇಳಿ ನನಗೆ ಅಳು ಬಂತು. ನಲವತ್ತೊಂದು ವರ್ಷಕ್ಕೆ ಮೊದಲ ಸಲ ಏನೋ ಸಾಧಿಸಿದ ಹಾಗಾಯಿತು. ಅವತ್ತು ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಹತ್ತು ಮನೆಗೆ ಹಂಚಿದೆವು, ಬಾಲ್ಕನಿಯವರಿಗೂ ಕೊಟ್ಟೆವು.

ನನ್ನ ಗಂಡ ಗಿಣ್ಣು ಎರಡು ಸಲ ಹಾಕಿಸಿಕೊಂಡರು, ಮಾತು ಮಾತ್ರ ಬಿಡಲಿಲ್ಲ. “ನಿಂದು ನಾಲ್ಕು ದಿನದ ಹುಮ್ಮಸ್ಸು ಕಲಾ. ಆಮೇಲೆ ಬಕೆಟ್ ಹಿಡಿಯೋನು ನಾನು. ಅಮ್ಮ ಕರೆದ್ರೆ ಉಳೀಲಿ ಅಂತ ತಾನೇ ಮಾತಾಗಿರೋದು? ಪ್ಲಾಸ್ಟರ್ ಬಿಚ್ಚೋ ದಿನ ಸಂಜೆ ಬನ್ನಿ ಅಂತ ವೀರಬಸಪ್ಪಂಗೆ ಹೇಳಿದ್ದೀನಿ.”

ಎಂಟು ದಿನ ಎರಡು ಹೊತ್ತೂ ಕರೆದೆ. ಮುಂಗೈ ಊದಿಕೊಂಡಿತು. ಕೆಲಸ ನಡೀತೈತೆ, ಬಿಡು ಎಂದು ಅತ್ತೆ ನಕ್ಕರು.

ಪ್ಲಾಸ್ಟರ್ ಬಿಚ್ಚಿದಾಗ ಒಳಗಿದ್ದ ಕೈ ನೋಡಿ ಗಾಬರಿಯಾಯಿತು. ಸಣಕಲಾಗಿ, ಚರ್ಮ ಸುಲಿದು, ಯಾರದೋ ಕೈಯ ಹಾಗಿತ್ತು. ಡಾಕ್ಟರು ಎಕ್ಸ್‌ರೇ ಎತ್ತಿ ತೋರಿಸಿದರು. ಬಿರುಕಿದ್ದ ಜಾಗದ ಸುತ್ತ ಬಿಳೀ ಮಬ್ಬು ತುಂಬಿತ್ತು. “ಚೆನ್ನಾಗಿ ಕೂಡಿದೆ. ಮೂಳೆ ಮೊದಲು ಬೇಕಾದ್ದಕ್ಕಿಂತ ಜಾಸ್ತಿ ಕಟ್ಟುತ್ತೆ, ಆಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೆತ್ತಿ ಕೆತ್ತಿ ಹದಕ್ಕೆ ತರುತ್ತೆ. ಎಲ್ಲಿ, ನನ್ನ ಎರಡು ಬೆರಳು ಹಿಡಿದು ಅದುಮಿ.”

ಅತ್ತೆ ಡಾಕ್ಟರ ಬೆರಳನ್ನು ಹಿಡಿದದ್ದೇ ತಡ, ಮೇಲಿನಿಂದ ಕೆಳಕ್ಕೆ ತಾಳ ಹಾಕಿ ಕರೆಯತೊಡಗಿದರು.

“ಹಾಲು ಬರಲ್ಲಮ್ಮ,” ಅಂದರು ಡಾಕ್ಟರು.

“ಮುಂದೆ ಕರು ಬಿಡಿ, ಬರ್ತದೆ,” ಅಂದರು ಅತ್ತೆ.

ನಗು ನಿಂತ ಮೇಲೆ ಡಾಕ್ಟರು ಹೇಳಿದರು. ಮೂಳೆ ಕೂಡಿದೆ, ಹಿಡಿತಕ್ಕೆ ಬಲವಿಲ್ಲ. ವ್ಯಾಯಾಮ ಮಾಡುತ್ತಾ ಹೋಗಬೇಕು, ಇನ್ನೂ ಒಂದು ತಿಂಗಳು ಹಾಲು ಕರೆಯಲು ಕೂರುವಂತಿಲ್ಲ. ಕಾರಿನಲ್ಲಿ ಅತ್ತೆ ದಾರಿಯುದ್ದಕ್ಕೂ ಆ ಕೈಯನ್ನು ಮುಷ್ಟಿ ಕಟ್ಟಿ ಬಿಚ್ಚಿ ನೋಡಿದರು.

ಮನೆ ಮುಂದೆ ವೀರಬಸಪ್ಪನ ಗೂಡ್ಸ್ ಗಾಡಿ ನಿಂತಿತ್ತು. ಒಳ್ಳೆಯ ಮನುಷ್ಯ, ಚಂದ್ರಿಗೆ ಬಾಳೆಹಣ್ಣು ತಂದಿದ್ದರು. ಅತ್ತೆ ಮಗನ ಎದುರು ನಿಂತು, “ಮೂಳೆ ಕೂಡೈತೆ, ಕಸುವು ಬಂದಿಲ್ಲ. ನನ್ನಿಂದ ಇವತ್ತು ಕರೆಯಾಕಾಗಲ್ಲ. ಮಾತು ಮಾತೇ,” ಅಂದರು. ನನ್ನ ಗಂಡ ತಲೆ ತಗ್ಗಿಸಿದರು. ಅವರಿಗೂ ಸಂತೋಷವೇನೂ ಇರಲಿಲ್ಲ.

ಈ ಮನೆಯಲ್ಲಿ ಹಸು ಕೊಡುವಾಗ ಗಂಡಸು ವ್ಯವಹಾರ ಮುಗಿಸಬಹುದು, ಆದರೆ ಹಗ್ಗ ಬಿಚ್ಚಿ ಕೊಡಬೇಕಾದವಳು ಮನೆಯ ಹೆಂಗಸು. ಅವಳ ಕೈಯಿಂದ ಹಗ್ಗ ಹೋಗದೆ ಹಸು ಹೋಗುವುದಿಲ್ಲ. ಅತ್ತೆ ಗೂಟದ ಹತ್ತಿರ ಬಗ್ಗಿ, ಆ ಸಣಕಲು ಕೈಯಲ್ಲಿ ಗಂಟು ಬಿಚ್ಚಲು ನೋಡಿದರು. ಬೆರಳು ಜಾರಿತು. ಮತ್ತೆ ನೋಡಿದರು, ಮತ್ತೆ ಜಾರಿತು.

“ಆಯ್ತಿಲ್ಲ ಕಣೇ ಕಲಾ,” ಅಂದರು ನನ್ನ ಮುಖ ನೋಡದೆ. “ನೀನೇ ಬಿಚ್ಚಿ ಕೊಡು.”

ನಾನು ಹೋಗಿ ಗೂಟದ ಮುಂದೆ ಕೂತೆ. ಹಗ್ಗ ಕೈಗೆ ತಗೊಂಡೆ. ಇದ್ದ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದೆ. ಅದರ ಮೇಲೆ ಮತ್ತೊಂದು ಹಾಕಿ ಬಿಗಿದೆ.

“ವೀರಬಸಪ್ಪನೋರೇ, ಕರೆಯೋ ಹೊತ್ತಾಯ್ತು, ಸ್ವಲ್ಪ ಪಕ್ಕಕ್ಕೆ ಬನ್ನಿ,” ಅಂದೆ. “ಕಾಫಿ ಮಾಡ್ತೀನಿ, ಕುಡಿದೇ ಹೋಗ್ಬೇಕು. ಹಸು ಮಾತ್ರ ನಾನು ಕೊಡಲ್ಲ.”

“ಕಲಾ, ಮಾತಾಗಿರೋದು ಅಮ್ಮಂದು,” ಅಂದರು ನನ್ನ ಗಂಡ.

“ಅಮ್ಮ ಮಾತು ಉಳಿಸ್ಕೊಂಡ್ರು, ಬಿಚ್ಚೋಕೆ ಬಗ್ಗಿದ್ರು. ಮಾತು ಕೊಟ್ಟಿರೋಳು ನಾನಲ್ಲ. ಬೇಕಾದ್ರೆ ನೀವೇ ಬಂದು ನನ್ ಕೈಯಿಂದ ಹಗ್ಗ ಕಿತ್ಕೊಳ್ಳಿ.”

ಯಾರೂ ಬರಲಿಲ್ಲ. ವೀರಬಸಪ್ಪ ಬಾಳೆಹಣ್ಣನ್ನು ಚಂದ್ರಿಯ ಬಾಯಿಗಿಟ್ಟು, ಕಾಫಿಗೆ ಸಕ್ಕರೆ ಕಮ್ಮಿ ಇರಲಿ ಅಂದರು. ನನ್ನ ಗಂಡ ಮುಖ ಆ ಕಡೆ ತಿರುಗಿಸಿಕೊಂಡರು, ನಗು ಬಂದಿತ್ತು ಅಂತ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ನಾನು ಬಕೆಟ್ ಎಳೆದುಕೊಂಡು ಕೂತೆ. ಅತ್ತೆ ಬಂದು ತಮ್ಮ ಬಲಗೈಯನ್ನು ನನ್ನ ನೆತ್ತಿಯ ಮೇಲಿಟ್ಟರು. ಹೂವಿನಷ್ಟೂ ಭಾರವಿರಲಿಲ್ಲ.

“ಕೈಗೆ ಕಸುವು ಬಂದ್ಮೇಲೆ ಬೆಳಗಿನ ಹೊತ್ತು ನಂದು, ಸಂಜೆ ನಿಂದು,” ಅಂದರು.

“ಆಗಲ್ಲತ್ತೆ, ಎರಡು ಹೊತ್ತೂ ನಂದೇ,” ಅಂದೆ.

“ನಮ್ಮವ್ವ ನಂಗೆ ಕೊಟ್ಟಿದ್ದು ಕಣೇ ಇದು.”

“ಇವತ್ತು ಉಳಿಸ್ಕೊಂಡಿದ್ದು ನಾನು.”

ಹತ್ತೊಂಬತ್ತು ವರ್ಷದಲ್ಲಿ ಕೊಟ್ಟಿಗೆಗಾಗಿ ನಾವಿಬ್ಬರೂ ಆಡಿದ ಮೊದಲ ಜಗಳ ಅದು. ಈಗ ಅತ್ತೆಯ ಕೈ ಗಟ್ಟಿಯಾಗಿದೆ, ನಾನು ಏಳುವುದು ಹತ್ತು ನಿಮಿಷ ತಡವಾದರೆ ಬಕೆಟ್ ಎತ್ತಿಕೊಂಡು ಹೋಗಿ ಕರೆದುಬಿಟ್ಟಿರುತ್ತಾರೆ. ಅದಕ್ಕೇ ನಾನು ಅಲಾರಾಂ ಅನ್ನು ಐದು ಗಂಟೆಗೆ ಇಟ್ಟಿದ್ದೇನೆ. ಅವರು ನಾಲ್ಕೂಮುಕ್ಕಾಲಿಗೆ ಏಳುತ್ತಿದ್ದಾರೆ.